‘ಹೇಗೋ ಹೋದರು’ ಎಂದರೆ ಎಲ್ಲಿಗೆ ಹೋದರು?

ಮಂಡ್ಯ ಜಿಲ್ಲೆಯ ಹೋಬಳಿ ಊರೊಂದರ ಓದುಗರು, ಅಲ್ಲಿನ ಸರ್ಕಾರಿ ಪ್ರೌಢಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಬರೆದಿದ್ದಾರೆ: ‘ಮೂರು ವರ್ಷದ ಕೆಳಗೆ ನಮ್ಮ ಶಾಲೆಯಲ್ಲಿ ಎಂಟನೇ ತರಗತಿಗೆ ಸೇರಿದವರು 46 ಮಕ್ಕಳು. ಈ ಸಲ ಎಸ್ಸೆಸ್ಸೆಲ್ಸಿ ಬರೆದವರು 33. ಮೂವತ್ಮೂರೂ ಪಾಸು, ಶೇ. 100 ಎಂದು ಫ್ಲೆಕ್ಸ್ ಹಾಕಿಸಿದ್ದೇವೆ. ಒಂಬತ್ತರಲ್ಲಿ ಕೈಲಾಗದ ಆರು ಜನರನ್ನು ಮುಖ್ಯೋಪಾಧ್ಯಾಯರು ಧೈರ್ಯ ಮಾಡಿ ನಿಲ್ಲಿಸಿದ್ದರಿಂದ ಇದು ಸಾಧ್ಯವಾಯಿತು. ಉಳಿದವರು ಹೇಗೋ ಹೋದರು. ನೀವು ಜಿಲ್ಲೆಗೆ ಮೊದಲು ಬಂದವರ ಫೋಟೊ ಮಾತ್ರ ಹಾಕುತ್ತೀರಿ. ನಮ್ಮಂಥ ಶಾಲೆಯ ಬಗ್ಗೆಯೂ ನಾಲ್ಕು ಮಾತು ಬರೆದು, ಈ ಕ್ರಮ ಬೇರೆಯವರಿಗೂ ಮಾದರಿ ಎಂದು ತಿಳಿಸಿ.’

ಸಂಪಾದಕರ ಉತ್ತರ:

ಮಾನ್ಯರೇ, ಆ ಮೂವತ್ಮೂರು ಮಕ್ಕಳಿಗೂ ಅವರ ಮೇಷ್ಟ್ರು, ಮೇಡಂಗಳಿಗೂ ಮೊದಲು ಅಭಿನಂದನೆ. ಜನವರಿಯಿಂದ ಮಾರ್ಚ್‌ವರೆಗೆ ಸಂಜೆ ಕ್ಲಾಸು, ಬೆಳಗಿನ ಐದಕ್ಕೆ ಫೋನು ಮಾಡಿ ಮಕ್ಕಳನ್ನು ಎಬ್ಬಿಸುವುದು, ಗ್ರಾಫು, ಭಾರತದ ನಕ್ಷೆ, ಹೃದಯದ ಚಿತ್ರ, ಕಂಠಪಾಠದ ಪದ್ಯ, ಪತ್ರಲೇಖನ ಎಲ್ಲ ಸೇರಿದ ‘ಪಾಸಿಂಗ್ ಪ್ಯಾಕೇಜ್’ ಮಾಡಿ ತಿದ್ದಿ ತೀಡುವುದು ಸಣ್ಣ ಕೆಲಸವಲ್ಲ. ಅದರಿಂದ ದಡ ಸೇರಿದ ಮಕ್ಕಳು ಸಾಕಷ್ಟಿದ್ದಾರೆ.

ಆದರೆ ಸ್ವಾಮಿ, ನೀವೇ ಕೊಟ್ಟ ಲೆಕ್ಕವನ್ನು ಇನ್ನೊಂದು ಸಲ ಓದಿ. 46ರಲ್ಲಿ 33 ಕಳೆದರೆ 13. ಆರು ಜನರನ್ನು ನಿಲ್ಲಿಸಿದಿರಿ. ಏಳು ಜನ ‘ಹೇಗೋ ಹೋದರು’. ಪತ್ರದ ಬೇರೆಲ್ಲ ಮಾತು ಮರೆತರೂ ಈ ಎರಡು ಪದ ನಮ್ಮನ್ನು ಬಿಡುತ್ತಿಲ್ಲ. ಕೊಟ್ಟಿಗೆಯಿಂದ ಒಂದು ಕರು ತಪ್ಪಿಸಿಕೊಂಡರೆ ನಾಲೆ ಏರಿ ಮೇಲೆ ರಾತ್ರಿಯೆಲ್ಲ ಟಾರ್ಚ್ ಹಿಡಿದು ಹುಡುಕುವ ಊರು ನಮ್ಮದು. ಏಳು ಮಕ್ಕಳು ಹೇಗೋ ಹೋಗುವುದು ಹೇಗೆ?

ತರಗತಿಯ ಫಲಿತಾಂಶ ಎಣಿಸಬೇಕಾದ್ದು ಹಾಲ್ ಟಿಕೆಟ್ ಬಂದವರಿಂದಲ್ಲ, ದಾಖಲಾತಿ ವಹಿಯಿಂದ. ಅರ್ಧ ಗಂಟೆಯ ಕೆಲಸ. ಎಂಟಕ್ಕೆ ಸೇರಿದವರ ಹೆಸರನ್ನು ಒಂದು ಹಾಳೆಯಲ್ಲಿ ಬರೆಯಿರಿ. ಟಿಸಿ ಪಡೆದವರ ಮುಂದೆ ಯಾವ ಶಾಲೆ ಎಂದು ಬರೆಯಿರಿ. ಟಿಸಿ ಕೊಟ್ಟ ಮಾತ್ರಕ್ಕೆ ಮಗು ಬೇರೆ ಶಾಲೆಗೆ ಸೇರಿತು ಎಂದಲ್ಲ. ಅದೇ ಎಸ್‌ಎಟಿಎಸ್ ಸಂಖ್ಯೆಯಲ್ಲಿ (ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ಗುರುತಿನ ಸಂಖ್ಯೆ) ಅಲ್ಲಿ ದಾಖಲಾಗಿದೆಯೇ ಎಂದು ನೋಡಿದರೆ ಮಾತ್ರ ಗೊತ್ತಾಗುತ್ತದೆ. ನಿಜವಾಗಿ ಸೇರಿದವರನ್ನು ಒಟ್ಟು ಸಂಖ್ಯೆಯಿಂದ ಕಳೆಯಿರಿ, ನಡುವೆ ಬೇರೆಡೆಯಿಂದ ಬಂದವರನ್ನು ಕೂಡಿಸಿ. ನಿಮ್ಮ ಏಳು ಜನರಲ್ಲಿ ಐವರು ಬೇರೆ ಕಡೆ ಓದುತ್ತಿದ್ದಾರೆ ಎಂದೇ ಇಟ್ಟುಕೊಳ್ಳೋಣ. ಆಗ 41ರಲ್ಲಿ 33, ಅಂದರೆ ಶೇ. 80. ಇದು ನಾಚಿಕೆಪಡಬೇಕಾದ ಅಂಕಿಯಲ್ಲ, ಆದರೆ ಫ್ಲೆಕ್ಸ್‌ನಲ್ಲಿದ್ದ ಅಂಕಿಯೂ ಅಲ್ಲ.

ಇನ್ನು ಆ ಆರು ಜನರ ಮಾತು. ‘ಧೈರ್ಯ ಮಾಡಿ ನಿಲ್ಲಿಸಿದರು’ ಎಂದಿದ್ದೀರಿ. ನಿಲ್ಲಿಸಿದ ಮಗುವಿಗೆ ಮರುವರ್ಷ ಸಿಗುವುದೇನು? ಅದೇ ಕೊಠಡಿ, ಅದೇ ಪುಸ್ತಕ, ಅದೇ ಮೇಷ್ಟ್ರು, ಪಕ್ಕದಲ್ಲಿ ತನಗಿಂತ ಚಿಕ್ಕವರು. ಅರ್ಥವಾಗದ ಪಾಠವನ್ನು ಅದೇ ರೀತಿ ಎರಡನೇ ಸಲ ಕೇಳಿದರೆ ಅರ್ಥವಾಗಿಬಿಡುವುದಿಲ್ಲ. ದಸರಾ ರಜೆಗೆ ಹೋದವನು ವಾಪಸು ಬರುವುದಿಲ್ಲ, ಆಲೆಮನೆಯಲ್ಲೋ ಗ್ಯಾರೇಜಿನಲ್ಲೋ ಸಿಗುತ್ತಾನೆ. ಅದೇ ಹುಡುಗ ಹತ್ತಕ್ಕೆ ಹೋಗಿದ್ದರೆ ಅವನ ಕೈಯಲ್ಲಿ ಏನಿರುತ್ತಿತ್ತು ನೋಡಿ. ಒಟ್ಟು 625 ಅಂಕದಲ್ಲಿ ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಕ್ಕೆ ತಲಾ 20 ಆಂತರಿಕ ಅಂಕ. 2023-24ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ. ಯಾವುದರಲ್ಲಿ ಹೆಚ್ಚು ಬಂತೋ ಅದನ್ನೇ ಉಳಿಸಿಕೊಳ್ಳಬಹುದು. ಇಷ್ಟು ಬಾಗಿಲು ತೆರೆದಿರುವಾಗ ಮಗುವನ್ನು ಅಂಗಳಕ್ಕೇ ಬಿಟ್ಟುಕೊಳ್ಳದಿರುವುದನ್ನು ಧೈರ್ಯ ಎನ್ನಲು ನಮ್ಮಿಂದಾಗದು.

‘ಕೈಲಾಗದವರು’ ಎಂಬ ಮಾತಿಗೂ ನಮ್ಮ ತಕರಾರಿದೆ. ಗಣಿತದ ಒಂದು ಲೆಕ್ಕವನ್ನೇ ತೆಗೆದುಕೊಳ್ಳಿ. ಹತ್ತನೇ ತರಗತಿಯ ವರ್ಗ ಸಮೀಕರಣ: ಎಕ್ಸ್ ವರ್ಗ ಮೈನಸ್ 5 ಎಕ್ಸ್ ಪ್ಲಸ್ 6 ಸಮ ಸೊನ್ನೆ. ಸೂತ್ರ ಹುಡುಗನಿಗೆ ಬಾಯಿಪಾಠವಿದೆ. ಸೂತ್ರದ ಬಿ ಅಂದರೆ ಇಲ್ಲಿ ಮೈನಸ್ 5 ಎಂಬುದನ್ನೂ ಸರಿಯಾಗಿಯೇ ಗುರುತಿಸುತ್ತಾನೆ. ಅದರ ವರ್ಗ ಬರೆಯುವಾಗ ಮೈನಸ್ 25 ಎನ್ನುತ್ತಾನೆ. ಸೂತ್ರದಂತೆ ಅದರಿಂದ 24 ಕಳೆದು ಮೈನಸ್ 49 ತಂದು, ‘ವಾಸ್ತವ ಮೂಲಗಳಿಲ್ಲ’ ಎಂದು ಅಡಿಗೆರೆ ಎಳೆದು ಮುಗಿಸುತ್ತಾನೆ. ಪ್ಲಸ್ 25 ಎಂದು ಬರೆದಿದ್ದರೆ 1 ಉಳಿದು, 2 ಮತ್ತು 3 ಎಂಬ ಮೂಲಗಳು ಸಲೀಸಾಗಿ ಬರುತ್ತಿದ್ದವು. ಈ ಹುಡುಗನಿಗೆ ವರ್ಗ ಸಮೀಕರಣ ಬರುವುದಿಲ್ಲ ಎನ್ನುವುದು ತಪ್ಪು, ಅವನಿಗೆ ಬಾರದಿರುವುದು ಋಣ ಸಂಖ್ಯೆ. ‘ಮೈನಸ್ ಮೈನಸ್ ಪ್ಲಸ್’ ಎಂಬುದನ್ನು ಗುಣಾಕಾರಕ್ಕೆಂದು ಕಲಿಸಿದ್ದನ್ನು ಅವನು ಎಲ್ಲೆಂದರಲ್ಲಿ ಹಚ್ಚುತ್ತಾನೆ. ಮೈನಸ್ 3 ಮೈನಸ್ 5 ಕೇಳಿದರೆ ಪ್ಲಸ್ 8 ಎನ್ನುತ್ತಾನೆ, ನಿಜವಾಗಿ ಬೇಕಾದ ಕಡೆ ಬಿಡುತ್ತಾನೆ. ಎಂಟನೇ ತರಗತಿಯ ಜೂನ್‌ನಲ್ಲಿ ಸಾಲದ ಲೆಕ್ಕ ಹೇಳಿ, ಸಂಖ್ಯಾರೇಖೆಯ ಮೇಲೆ ಬೆರಳಿಡಿಸಿ ಹದಿನೈದು ದಿನ ಮಾಡಿಸಿದ್ದರೆ ಮುಗಿಯುತ್ತಿದ್ದ ರೋಗ, ಹತ್ತರ ಫೆಬ್ರವರಿಯಲ್ಲಿ ಯಾವ ಪ್ಯಾಕೇಜಿಗೂ ಬಗ್ಗುವುದಿಲ್ಲ.

ಇದಕ್ಕೆಂದೇ, ಹಿಂದಿನ ತರಗತಿಯ ಕಲಿಕೆಯ ಕೊರತೆ ತುಂಬಲು, ವರ್ಷದ ಆರಂಭದಲ್ಲಿ ಸೇತುಬಂಧ ಇದೆ. ನೈದಾನಿಕ ಪರೀಕ್ಷೆ, ಪರಿಹಾರ ಬೋಧನೆ, ಸಾಫಲ್ಯ ಪರೀಕ್ಷೆ ಎಂದು ಮೂರು ಹಂತ. ಎಡವುವುದು ಎರಡನೆಯದರಲ್ಲಿ. ಮೊದಲಿನದೂ ಕೊನೆಯದೂ ಕಡತದಲ್ಲಿ ಇರುತ್ತವೆ, ನಡುವಿನದಕ್ಕೆ ಪುರುಸೊತ್ತಿರುವುದಿಲ್ಲ. ಏಕೆಂದರೆ ಜೂನ್ ಎಂದರೆ ದಾಖಲಾತಿ, ಪುಸ್ತಕ ಹಂಚಿಕೆ, ಆನ್‌ಲೈನ್ ಭರ್ತಿ. ನಮ್ಮ ಸಲಹೆ ಇಷ್ಟೇ. ಶಾಲೆಯಲ್ಲಿ ಅತ್ಯಂತ ಗಟ್ಟಿ ಗಣಿತದ ಮೇಷ್ಟ್ರು ಯಾರೋ ಅವರನ್ನು ಎಂಟಕ್ಕೆ ಹಾಕಿ, ಆ ತರಗತಿಯ ಜೊತೆಯೇ ಒಂಬತ್ತು, ಹತ್ತಕ್ಕೆ ಅವರೂ ಏರಲಿ. ಕನ್ನಡದವರು ಮೊದಲ ವಾರವೇ ಒಂದೊಂದು ಮಗುವನ್ನೂ ಪಕ್ಕಕ್ಕೆ ಕರೆದು ಹತ್ತು ಸಾಲು ಗಟ್ಟಿಯಾಗಿ ಓದಿಸಲಿ. ಇಡೀ ತರಗತಿ ಒಟ್ಟಿಗೆ ಓದಿದರೆ ಒತ್ತಕ್ಷರದಲ್ಲಿ ಎಡವುವ ಮಗು ಕೋರಸ್ಸಿನಲ್ಲಿ ಮುಚ್ಚಿಹೋಗುತ್ತದೆ. ಓದಲು ಬಾರದವರಿಗೆ ವಿಜ್ಞಾನವೂ ಇಲ್ಲ, ಸಮಾಜವೂ ಇಲ್ಲ.

ಎಂಟರಲ್ಲೇ ಎನ್‌ಎಂಎಂಎಸ್ ಎಂಬ ಕೇಂದ್ರದ ವಿದ್ಯಾರ್ಥಿವೇತನ ಪರೀಕ್ಷೆಯೂ ಇದೆ. ವರ್ಷಕ್ಕೆ 12,000 ರೂಪಾಯಿ, ಒಂಬತ್ತರಿಂದ ಎರಡನೇ ಪಿಯುವರೆಗೆ ನಾಲ್ಕು ವರ್ಷ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ, ಮನೆಯ ವರಮಾನ ಮೂರೂವರೆ ಲಕ್ಷ ದಾಟಿರಬಾರದು. ತೊಂಬತ್ತು ತೊಂಬತ್ತು ಪ್ರಶ್ನೆಯ ಎರಡು ಪತ್ರಿಕೆ. ಗೆಲ್ಲಬಲ್ಲ ಮಕ್ಕಳು ಅರ್ಜಿ ಹಾಕದೇ ಉಳಿಯುವುದು ಆದಾಯ ಪ್ರಮಾಣಪತ್ರ ಹೊತ್ತಿಗೆ ಸಿಗದೆ. ಎಸ್‌ಡಿಎಂಸಿ ಮಾಡಬೇಕಾದ ಕೆಲಸವೆಂದರೆ ಇದು: ಜೂನ್‌ನಲ್ಲೇ ಪೋಷಕರನ್ನು ನಾಡಕಚೇರಿಗೆ ಕಳಿಸುವುದು. ಹಾಗೆಯೇ ಆಧಾರ್, ದಾಖಲಾತಿ ವಹಿ ಎರಡರಲ್ಲೂ ಹೆಸರು, ಇನಿಷಿಯಲ್, ತಂದೆಯ ಹೆಸರು, ಹುಟ್ಟಿದ ದಿನ ತಾಳೆಯಾಗುತ್ತವೆಯೇ ಎಂದು ಒಂಬತ್ತು ಮುಗಿಯುವುದರೊಳಗೆ ನೋಡಿಬಿಡಿ. ಅಂಕಪಟ್ಟಿ ಅಚ್ಚಾದ ಮೇಲೆ ಜನ್ಮದಿನಾಂಕ ತಿದ್ದಿಸಲು ಕೋರ್ಟಿನವರೆಗೂ ಅಲೆಯಬೇಕಾಗುತ್ತದೆ.

ಆ ಏಳು ಜನ ಹೋದದ್ದು ‘ಹೇಗೋ’ ಎನ್ನುವುದಕ್ಕೆ ಹಾಜರಿ ಪುಸ್ತಕವೇ ಉತ್ತರ ಹೇಳುತ್ತದೆ. ನಾಟಿ ಕಾಲದಲ್ಲಿ, ರಾಗಿ ಕುಯ್ಲಿನಲ್ಲಿ ನಾಲ್ಕಾರು ದಿನ ಗೈರಾದ ಮಗು ಮರಳಿ ಬರುತ್ತದೆ. ಅದಕ್ಕೆ ಗಾಬರಿ ಬೇಡ. ಪ್ರತಿ ಸೋಮವಾರ ಗೈರು, ಆಮೇಲೆ ಸೋಮವಾರ ಮಂಗಳವಾರ ಗೈರು ಎಂದು ಬೆಳೆಯುತ್ತಿದ್ದರೆ ಆ ಹುಡುಗನ ಕೈಗೆ ಕೂಲಿ ಹಣ ಹತ್ತಿದೆ. ಚೆನ್ನಾಗಿ ಬರುತ್ತಿದ್ದ ಹುಡುಗಿ ಬೇಸಿಗೆ ರಜೆ ಮುಗಿದರೂ ಬರಲಿಲ್ಲ, ಮನೆಯಲ್ಲಿ ‘ಅಜ್ಜಿ ಊರಲ್ಲವಳೆ’ ಎನ್ನುತ್ತಾರೆ ಎಂದರೆ ಅದೇ ದಿನ ಹೋಗಿ ವಿಚಾರಿಸಿ. ಮದುವೆ ಮಾತಾಗಿದ್ದರೆ ಹದಿನೆಂಟು ತುಂಬದ ಹುಡುಗಿಯ ಮದುವೆ ಅಪರಾಧವೆಂದು ತಿಳಿಹೇಳಿ. ಕೇಳದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿ. ಊರವರ ಮುನಿಸು ಕಟ್ಟಿಕೊಳ್ಳಬೇಕಾಗುತ್ತದೆ ನಿಜ. ಧೈರ್ಯ ಎಂಬ ಪದವನ್ನು ನಾವು ಇಲ್ಲಿಗೆ ಎತ್ತಿಟ್ಟಿದ್ದೇವೆ.

ತಪ್ಪೆಲ್ಲ ನಿಮ್ಮ ಮುಖ್ಯೋಪಾಧ್ಯಾಯರದೇ ಎಂದು ನಾವು ಹೇಳುತ್ತಿಲ್ಲ. ಅವರ ಕುತ್ತಿಗೆ ಹಿಡಿದಿರುವ ಕೈ ಬೇರೆ. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ನಿಗಾ, ಬಂತು. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೂ 73.40ಕ್ಕೆ ಇಳಿಯಿತು. ಫಲಿತಾಂಶ ಇಳಿದ ಶಾಲೆಗೆ ನೋಟಿಸು ಬರುತ್ತದೆ, ಮಕ್ಕಳ ಸಂಖ್ಯೆ ಇಳಿದ ಶಾಲೆಗೆ ನೋಟಿಸು ಬರುವುದಿಲ್ಲ. ಹಾಗಿರುವಾಗ ಒಂಬತ್ತನೇ ತರಗತಿ ಜರಡಿಯಾಗದೆ ಇನ್ನೇನಾದೀತು? ಎಂಟು, ಒಂಬತ್ತಕ್ಕೂ ಮಂಡಳಿ ಮಟ್ಟದ ಪರೀಕ್ಷೆ ತಂದು, ಅದು ಸುಪ್ರೀಂ ಕೋರ್ಟಿನಲ್ಲಿ ತಡೆ ಬೀಳುವವರೆಗೆ ಎಳೆದದ್ದೂ ಅದೇ ವರ್ಷ. ಎಂಟನೇ ತರಗತಿಗೆ ಕೊಡುತ್ತಿದ್ದ ಸೈಕಲ್ಲು ಕೋವಿಡ್ ವರ್ಷ ನಿಂತಿತು. ಏಳರವರೆಗೆ ಊರಲ್ಲೇ ಓದಿ, ಎಂಟಕ್ಕೆ ಐದಾರು ಕಿಲೋಮೀಟರು ಹೋಗಬೇಕಾದ ಮಗುವಿಗೆ ಆ ಸೈಕಲ್ಲು ಅಲಂಕಾರವಾಗಿರಲಿಲ್ಲ, ಸಂಜೆ ಕ್ಲಾಸು ಮುಗಿಸಿ ಮನೆ ಸೇರುವ ಏಕೈಕ ಉಪಾಯವಾಗಿತ್ತು. ಮೇಷ್ಟ್ರುಗಳು ಚುನಾವಣೆಗೂ ಬೇಕು, ಸಮೀಕ್ಷೆಗೂ ಬೇಕು. 2025ರ ದಸರಾ ರಜೆಯನ್ನು ಸಮೀಕ್ಷೆಗಾಗಿ ಅಕ್ಟೋಬರ್ 18ರವರೆಗೆ ಎಳೆದಾಗ ಕಳೆದುಹೋದ ಪಾಠಕ್ಕೆ ಮಾರ್ಚ್‌ನಲ್ಲಿ ಉತ್ತರ ಹೇಳಬೇಕಾದವರೂ ಅವರೇ. ಆಯ್ದ ಪ್ರದೇಶಗಳಲ್ಲಾದರೂ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡುವ ಕಾನೂನನ್ನು 1913ರಲ್ಲೇ ತಂದ ಸಂಸ್ಥಾನದ ನೆಲವಿದು. ನೂರು ವರ್ಷ ದಾಟಿದ ಮೇಲೂ ಇಲ್ಲಿ ಬಂದ ಮಗುವನ್ನು ಎಣಿಸುವ ಕ್ರಮವಿದೆ, ಹೋದ ಮಗುವನ್ನು ಕೇಳುವ ಕ್ರಮವಿಲ್ಲ.

ನಿಮ್ಮ ಶಾಲೆಯ ಬಗ್ಗೆ ಖಂಡಿತ ಬರೆಯುತ್ತೇವೆ. ಫ್ಲೆಕ್ಸ್‌ನ ಫೋಟೊ ಬೇಡ. ನಲವತ್ತಾರು ಸಾಲಿನ ಆ ಹಾಳೆಯನ್ನು ಕಳಿಸಿ, ಮಕ್ಕಳ ಹೆಸರು ಮುಚ್ಚಿ ಕಳಿಸಿದರೂ ಆದೀತು. ನಿಲ್ಲಿಸಿದ ಆರು ಜನರಲ್ಲಿ ಇವತ್ತು ಬೆಳಿಗ್ಗೆ ಎಷ್ಟು ಜನ ಹಾಜರಿದ್ದರು ಎಂಬುದನ್ನು ಕೊನೆಯಲ್ಲಿ ಬರೆದಿರಿ.

— ಸಂಪಾದಕ