ಜಗಳ ಭಾಷೆಗಲ್ಲ ಮಾರಾಯ, ಫಾರಂಗೆ

"ಕೇರಳದವನಾಗಿ ಕನ್ನಡ ಎಷ್ಟು ಚೆನ್ನಾಗಿ ಕಲ್ತಿದ್ದೀಯ!" ಅಂದೆಯಲ್ಲ, ಹೊಗಳಿಕೆ ಅಂತಲೇ ತೆಗೆದುಕೊಂಡೆ. ಆದರೆ ಮಾರಾಯ, ನಾನು ಕಲಿತದ್ದು ಮಲಯಾಳ. ಕನ್ನಡ ಮನೆಯಲ್ಲೇ ಇತ್ತು. ಅಜ್ಜ ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. 1956ರ ನವೆಂಬರ್ 1ಕ್ಕೆ, ಭಾಷೆಯ ಲೆಕ್ಕದಲ್ಲಿ ರಾಜ್ಯಗಳನ್ನು ಮಾಡಿದಾಗ, ನಮ್ಮ ಕಾಸರಗೋಡು ಕೇರಳದ ಪಾಲಾಯಿತು. ಅಜ್ಜ ಅಡಿಕೆ ತೋಟ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಗಡಿ ತಕರಾರು ನೋಡಲು ಕೇಂದ್ರ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಹೇಳಿದ್ದಷ್ಟೇ.

ಇಷ್ಟೊಂದು ಭಾಷೆ ಇದ್ದರೆ ಜಗಳ ಆಗಲ್ವಾ ಅಂತಲೂ ಕೇಳಿದೆ. ಯಾರ ಜೊತೆ ಮಾಡೋದು? ಕುಂಬಳೆ ಪೇಟೆಗೆ ಹೋದರೆ ಮೀನಿನವರ ಹತ್ತಿರ ತುಳು, ಬಸ್ಸಿನಲ್ಲಿ ಮಲಯಾಳ, ಅಡಿಕೆ ಮಾರುವಾಗ ಕರಾವಳಿ ಮುಸ್ಲಿಮರ ಬ್ಯಾರಿ ಭಾಷೆಯೂ ಕನ್ನಡವೂ ಸೇರಿದ ಎಂತದ್ದೋ ಒಂದು. ಯಾರೂ ತಿದ್ದುವುದಿಲ್ಲ. ಮಂಜೇಶ್ವರದ ಉದ್ಯಾವರ ಮಾಡ ಅನ್ನುವ ದೈವಸ್ಥಾನದಲ್ಲಿ ಜಾತ್ರೆಗೆ ಮೊದಲು, ದೈವ ಮೈಮೇಲೆ ಬರುವ ಪಾತ್ರಿಗಳೇ ಮಸೀದಿಗೆ ಹೋಗಿ ಕರೆಯುತ್ತಾರೆ. ಪತ್ರಿಕೆಯವರಿಗೆ ಅದು ದೊಡ್ಡ ಸುದ್ದಿ. ನಮಗೆ ಜಾತ್ರೆಗೆ ಕರೆಯುವ ಕ್ರಮ, ಅಷ್ಟೆ.

ಜಗಳ ಇರುವುದು ಫಾರಂ ಜೊತೆ. ಇಲ್ಲಿನ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಕೇರಳದ 1969ರ ಕಾನೂನೇ ಹೇಳುತ್ತದೆ. ಕೌಂಟರಿನಲ್ಲಿ ಸಿಗುವುದು ಮಾತ್ರ ಮಲಯಾಳದ ಫಾರಂ. ಕನ್ನಡದ್ದು ಕೇಳಿದರೆ ಮುಗಿದಿದೆ ಅನ್ನುತ್ತಾರೆ. ಅಚ್ಚಾಗಿತ್ತಾ ಅಂತ ಮತ್ತೆ ಕೇಳಿದರೆ ಕೆಲಸ ಆಗುವುದಿಲ್ಲ. ಅಮ್ಮನಿಗೆ ಮಲಯಾಳ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಎಂತ ಬರೆದಿದೆ ಅಂತ ಗೊತ್ತಿಲ್ಲದೆ ಸಹಿ ಹಾಕಲು ಅವರಿಗೆ ನಾಚಿಕೆ. ಹಳೇ ಕಾಲದ ಎಸ್ಸೆಸ್ಸೆಲ್ಸಿ ಅವರದ್ದು. ತುಂಬಿಸಿ ಕೊಡುವುದು ಪಕ್ಕದ ಮನೆಯ ಮಲಯಾಳಿ ಟೀಚರು. ಆಫೀಸಿನವರಿಗೆ ಬೈಯುವುದೂ ಅವರೇ, ನಮಗಿಂತ ಜಾಸ್ತಿ.

ಈ ಕಡೆ ಹೀಗೆ. ಆ ಕಡೆ ಕೇಳು. ತಂಗಿ ಕರ್ನಾಟಕದ ಸಿಇಟಿಗೆ ಗಡಿನಾಡ ಕನ್ನಡಿಗರ ಲೆಕ್ಕದಲ್ಲಿ ಅರ್ಜಿ ಹಾಕಿದಳು. ಕನ್ನಡದವಳು ಅನ್ನುವುದಕ್ಕೆ ಸರ್ಟಿಫಿಕೇಟ್ ಬೇಕು! ಅಂಗಡಿ ಬೋರ್ಡು ಓದಲು ತಡವರಿಸುವ ನಿನ್ನನ್ನು ಯಾರಾದರೂ ಕೇಳಿದ್ದಾರಾ? 2020ರ ಲಾಕ್‌ಡೌನಿನಲ್ಲಿ ಕರ್ನಾಟಕ ಗಡಿ ಮುಚ್ಚಿತಲ್ಲ, ಮಂಗಳೂರಿನ ಆಸ್ಪತ್ರೆಗೆ ಹೊರಟ ರೋಗಿಗಳು ಗಡಿಯ ತಲಪಾಡಿಯಿಂದ ವಾಪಸು ಬಂದರು. ಆಗ ನಾವು ಕೇರಳದವರು. ನವೆಂಬರ್ ಬಂದರೆ ಭಾಷಣಗಳಲ್ಲಿ ಮತ್ತೆ ಕನ್ನಡದವರು.

ಕಾಸರಗೋಡಿನ ಕೆಎಲ್-14 ನಂಬರಿನ ನನ್ನ ಬೈಕು ಕಂಡರೆ ನಿಮ್ಮೂರಿನ ಟ್ರಾಫಿಕ್‌ನವರು ಹಿಂದಿಯಲ್ಲಿ ಶುರು ಮಾಡುತ್ತಾರೆ. ನಾನು ಕನ್ನಡದಲ್ಲೇ ಉತ್ತರ ಕೊಡುತ್ತೇನೆ. ದಂಡವೇನೂ ಕಡಿಮೆ ಆಗುವುದಿಲ್ಲ, ಬಿಡು.