ಕ್ವಾಯರ್‌ಗೆ ಟ್ಯಾಬ್ಲೆಟ್ ಎಲ್ಲರಿಗೂ ಬೇಕಾ?

ಪ್ರಶ್ನೆ: ನಮಸ್ಕಾರ ಮೇಡಂ, ನಮ್ದು ಮಂಗಳೂರಿನ ಒಂದು ಚರ್ಚ್ ಕ್ವಾಯರ್, ಇಪ್ಪತ್ತು ಜನ ಇದ್ದೀವಿ, ನಾಲ್ಕು ಪಾರ್ಟ್‌ನಲ್ಲಿ, ಅಂದ್ರೆ ನಾಲ್ಕು ಗುಂಪು ಒಟ್ಟಿಗೇ ಬೇರೆ ಬೇರೆ ಸ್ವರದಲ್ಲಿ, ಹಾಡ್ತೀವಿ. ಪ್ರತಿ ಕ್ರಿಸ್‌ಮಸ್‌ಗೂ ಜೆರಾಕ್ಸ್ ಕಟ್ಟು, ಅರ್ಧ ಜನ ತರೋದೇ ಮರೀತಾರೆ. ಎಲ್ಲರಿಗೂ ಟ್ಯಾಬ್ಲೆಟ್ ಕೊಡಿಸೋಣ ಅಂತ ಕಮಿಟೀಲಿ ಮಾತು ನಡೀತಿದೆ. ಯಾವ ಸೈಜ್ ತಗೋಬೇಕು? ನೋಟೇಶನ್ (ಸ್ವರಲಿಪಿ) ಓದೋಕೆ ಬರೋರು ನಾಲ್ಕೈದು ಜನ ಅಷ್ಟೇ, ಟ್ಯಾಬ್ಲೆಟ್ ಬಂದ್ರೆ ಕಲಿಸೋದು ಸುಲಭ ಆಗುತ್ತಾ?

ಉತ್ತರ: ದಯವಿಟ್ಟು ಇಪ್ಪತ್ತು ತಗೋಬೇಡಿ. ಆರ್ಗನ್ ನುಡಿಸೋರಿಗೆ ಒಂದು, ಕ್ವಾಯರ್ ಮಾಸ್ಟರ್‌ಗೆ ಒಂದು ಸಾಕು, ಆದ್ರೆ ಅವೆರಡೂ ದೊಡ್ಡವೇ ಇರ್ಲಿ. ಎ4 ಹಾಳೆ ಅಗಲ 21 ಸೆಂಟಿಮೀಟರ್, 12.9 ಇಂಚಿನ ಐಪ್ಯಾಡ್ ಪ್ರೋ ನೆಟ್ಟಗೆ ಹಿಡಿದ್ರೆ ಸ್ಕ್ರೀನ್ ಅಗಲ ಹತ್ರತ್ರ 20 ಸಿಗುತ್ತೆ, ಅದೇ ಉದ್ದ-ಅಗಲ 16:10 ಲೆಕ್ಕದಲ್ಲಿರೋ 11 ಇಂಚಿನ ಉದ್ದುದ್ದ ಟ್ಯಾಬ್ಲೆಟ್‌ಗಳಲ್ಲಿ 15 ಕೂಡ ಇರಲ್ಲ, ನಾಲ್ಕು ಪಾರ್ಟ್ ಜೊತೆಗೆ ಸಾಹಿತ್ಯ ಬೇರೆ ಇದ್ರೆ ವಯಸ್ಸಾದೋರು ಕಣ್ಣು ಕಿರಿದು ಮಾಡ್ಕೊಂಡೇ ನಿಲ್ಬೇಕು. ಅಂಗಡೀಲಿ ಇಂಚು ಕೇಳ್ಬೇಡಿ, ಅಗಲ ಕೇಳಿ. ಆರ್ಗನ್‌ನೋರಿಗೆ ಬ್ಲೂಟೂತ್ ಪೆಡಲ್ ತೆಗೆಸಿಕೊಡಿ, ಕಾಲಲ್ಲೇ ಪುಟ ತಿರುಗುತ್ತೆ. ಐಪ್ಯಾಡ್‌ಗೆ ಫೋರ್‌ಸ್ಕೋರ್, ಆಂಡ್ರಾಯ್ಡ್‌ಗೆ ಮೊಬೈಲ್‌ಶೀಟ್ಸ್ ಆಪ್ ಇದೆ, ಎರಡರಲ್ಲೂ ಅರ್ಧ ಪುಟ ಮಾತ್ರ ತಿರುಗಿಸೋ ಸೌಲಭ್ಯ ಇದೆ, ಕೆಳಗಿನ ಸಾಲು ನುಡಿಸ್ತಿರುವಾಗ್ಲೇ ಮೇಲೆ ಮುಂದಿನ ಪುಟ ಬಂದಿರುತ್ತೆ.

ಇನ್ನು ಕಲಿಸೋ ವಿಷ್ಯ, ನಿಜವಾದ ಲಾಭ ಇರೋದೇ ಇಲ್ಲಿ. ಪಿಡಿಎಫ್ ಬರೀ ಫೋಟೋ ಇದ್ದಂಗೆ, ಅದ್ರಿಂದ ಓದೋಕೆ ಬರದೋರಿಗೆ ಏನೂ ಸಿಗಲ್ಲ. ಕಂಪ್ಯೂಟರ್‌ನಲ್ಲಿ ಮ್ಯೂಸ್‌ಸ್ಕೋರ್ ಅನ್ನೋ ನೋಟೇಶನ್ ಬರೆಯೋ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಫ್ರೀ ಇದೆ, ಒಂದೊಂದು ಪಾರ್ಟ್‌ಗೂ ಬೇರೆ ಸಾಲು ಕೊಟ್ಟು ನೋಟ್ಸ್ ಒಂದ್ಸಲ ತುಂಬಿಸಿಬಿಟ್ರೆ ಆಲ್ಟೋ (ಹೆಂಗಸರ ತಗ್ಗಿನ ದನಿ) ಜೋರಾಗಿ ಉಳಿದ ಮೂರು ಮೆಲ್ಲಗೆ ಇಟ್ಟು, ಸ್ಪೀಡ್ ಕಮ್ಮಿ ಮಾಡಿ ಆಡಿಯೋ ತೆಗೆದು ವಾಟ್ಸಾಪ್ ಗ್ರೂಪ್‌ಗೆ ಹಾಕಬಹುದು, ಟೆನರ್‌ನೋರಿಗೆ (ಗಂಡಸರ ಎತ್ತರದ ದನಿ) ಅವರದು ಬೇರೆ. ಅಡುಗೆ ಮಾಡ್ತಾನೋ ಬಸ್ಸಲ್ಲೋ ಕೇಳ್ಕೊಂಡು ಬರ್ತಾರೆ. ಪ್ರಾಕ್ಟೀಸ್ ದಿನ ಟ್ಯಾಬ್ಲೆಟನ್ನ ಟಿವಿಗೆ ಕನೆಕ್ಟ್ ಮಾಡಿ, ಎಲ್ಲಿ ಉಸಿರು ತಗೋಬೇಕು ಅಂತ ಎಲ್ಲರ ಮುಂದೇನೇ ಗುರುತು ಹಾಕಿ, ಆ ಗುರುತಿರೋ ಕಾಪೀನೇ ಎಲ್ಲರಿಗೂ ಕಳ್ಸಿ. ತಲೆ ತಗ್ಗಿಸಿ ಸ್ಕ್ರೀನ್ ನೋಡೋರು ಕಮ್ಮಿ ಆದಷ್ಟೂ ಕ್ವಾಯರ್ ಮಾಸ್ಟರ್ ಕೈ ನೋಡಿ ಹಾಡೋರು ಜಾಸ್ತಿ ಆಗ್ತಾರೆ, ನಂಗಂತೂ ಅದೇ ಮುಖ್ಯ.

ಪ್ರಶ್ನೆ: ನಮ್ಮ ಪುಸ್ತಕದಲ್ಲಿ ಬರೀ ಕನ್ನಡ ಸಾಹಿತ್ಯ, ಟ್ಯೂನ್ ಬೇರೆ ಪುಸ್ತಕದಲ್ಲಿ. ಎರಡನ್ನೂ ಒಂದೇ ಪುಟಕ್ಕೆ ತರಬಹುದಾ? ಸ್ಕ್ಯಾನ್ ಮಾಡಿ ಹಂಚಿದ್ರೆ ತಪ್ಪಾ?

ಉತ್ತರ: ಖಂಡಿತ ತರಬಹುದು, ಮ್ಯೂಸ್‌ಸ್ಕೋರ್‌ನಲ್ಲೇ ಕನ್ನಡ ಯೂನಿಕೋಡ್ ಫಾಂಟ್ ಆರಿಸ್ಕೊಂಡು ನೋಟ್ ಕೆಳಗೇ ಟೈಪ್ ಮಾಡಿ, ಹೈಫನ್ ಒತ್ತಿದ್ರೆ ಮುಂದಿನ ನೋಟ್‌ಗೆ ಹೋಗುತ್ತೆ. ಒತ್ತಕ್ಷರ ಮಾತ್ರ ಒಡೀಬೇಡಿ, ಕ್ರಿ-ಸ್ತ ಅಂತ ಇರ್ಲಿ, ಓದೋರಿಗೆ ಅದೇ ಸಲೀಸು.

ಭಾರತದಲ್ಲಿ ಬರೆದೋರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕಾಪಿರೈಟ್ ಇರುತ್ತೆ, ಟ್ಯೂನ್ ಹಳೇದಾಗಿದ್ರೂ ಅನುವಾದ ಮಾಡಿದೋರದ್ದು, ಪಾರ್ಟ್ಸ್ ಬರೆದೋರದ್ದು ಬೇರೆ ಲೆಕ್ಕ, ಮೂರನ್ನೂ ನೋಡಿ. ಹಳೇ ಹಾಡಾದ್ರೆ 1998ರಿಂದ ನಡೀತಿರೋ ಸಿಪಿಡಿಎಲ್ (ಕೋರಲ್ ಪಬ್ಲಿಕ್ ಡೊಮೇನ್ ಲೈಬ್ರರಿ) ಸೈಟಲ್ಲಿ ಹುಡುಕಿ, ಕ್ವಾಯರ್ ಸ್ಕೋರ್‌ಗಳು, ಅಂದ್ರೆ ನೋಟೇಶನ್ ಹಾಳೆಗಳು, ಫ್ರೀಯಾಗಿ ಸಿಗುತ್ತೆ, ಎಷ್ಟೋ ಹಾಡುಗಳಿಗೆ ಕಂಪ್ಯೂಟರ್ ನುಡಿಸಿ ಕೇಳಿಸೋ ಮಿಡಿ ಫೈಲೂ ಜೊತೆಗಿರುತ್ತೆ. ಹೊಸ ಹಾಡಿದ್ರೆ ಒಂದು ಕಾಪಿ ಕೊಂಡು ಇಪ್ಪತ್ತು ಜನಕ್ಕೆ ಕಳಿಸ್ಬೇಡಿ, ಎಷ್ಟು ಜನ ಹಾಡ್ತೀರೋ ಅಷ್ಟು ಡಿಜಿಟಲ್ ಕಾಪಿ ಪ್ರಕಾಶಕರ ಹತ್ರಾನೇ ತಗೊಳ್ಳಿ.