ಸಂಪಾದಕರ ಉತ್ತರ: ಸುಟ್ಟುಹಾಕಿ ಅಂತ ಕೋರ್ಟ್ ಹೇಳಿದ ಸಿನಿಮಾ ಇವತ್ತಿಗೂ ಯಾಕೆ ಕಾಡುತ್ತೆ

ಶಿವಮೊಗ್ಗದ ಮೇಷ್ಟ್ರೇ, ನಮಸ್ಕಾರ. ಹೋದ ಸಂಚಿಕೆಲಿ 1922ರ ಜರ್ಮನ್ ಮೂಕಿ ವ್ಯಾಂಪೈರ್ ಸಿನಿಮಾ 'ನೊಸ್ಫೆರಾಟು' ಬಗ್ಗೆ ನಾವು ಹಾಕಿದ ಲೇಖನ ನಿಮಗೆ ಸರಿಬರ್ಲಿಲ್ಲ ಅಂತ ನೇರವಾಗೇ ಬರ್ದಿದೀರ, ಸಂತೋಷ ಆಯ್ತು, ಯಾಕಂದ್ರೆ ನಿಮ್ಮ ತಕರಾರಲ್ಲಿ ತೂಕ ಇದೆ. ಪತ್ರ ಓದದೆ ಇರೋರಿಗೆ ಅದನ್ನ ಚಿಕ್ಕದಾಗಿ ಹೇಳಿಬಿಡ್ತೀನಿ. ಇನ್ನೊಬ್ಬರ 'ಡ್ರಾಕುಲಾ' ಕಾದಂಬರಿನ ಕೇಳದೆ ಎತ್ಕೊಂಡು ಮಾಡಿದ ಸಿನಿಮಾಗೆ ಇಷ್ಟು ಮರ್ಯಾದೆ ಯಾಕೆ ಅನ್ನೋದು ನಿಮ್ಮ ಮೊದಲನೇ ಪ್ರಶ್ನೆ. ಎರಡನೇದು, ಪ್ರಭಾವ ಪ್ರಭಾವ ಅಂತ ಬರ್ದಿದೀರಲ್ಲ, ಯಾವ ಹುಡುಗನ ಕೈಗಾದ್ರೂ ಪೆನ್ಸಿಲ್ ಕೊಟ್ಟು ವ್ಯಾಂಪೈರ್ (ರಕ್ತ ಕುಡಿಯೋ ಭೂತ) ಚಿತ್ರ ಬಿಡಿಸು ಅಂದ್ರೆ ಕಪ್ಪು ನಿಲುವಂಗಿ, ಎತ್ತಿದ ಕಾಲರ್, ಹಿಂದಕ್ಕೆ ಬಾಚಿದ ಕೂದಲು ಬಿಡಿಸ್ತಾನೇ ಹೊರತು ಇಲಿ ಹಲ್ಲಿನ ಬೋಳುತಲೆ ಮುದುಕನ್ನಲ್ಲ, ಹಾಗಿದ್ಮೇಲೆ ಪ್ರಭಾವ ಎಲ್ಲಿದೆ ಅಂತ. ಕೊನೆಗೆ, ನೀವು ನಡೆಸೋ ಸಿನಿಮಾ ಕೂಟದಲ್ಲಿ ಹೈಸ್ಕೂಲ್ ಮಕ್ಕಳಿಗೆ ಇದನ್ನ ತೋರಿಸ್ಬಹುದಾ, ತೋರಿಸೋದಾದ್ರೆ ಹೇಗೆ ಅಂತಾನೂ ಕೇಳಿದೀರ.

ನಾನು ಎರಡನೇದರಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ಅದರಲ್ಲೇ ವಿಷಯದ ತಿರುಳು ಇರೋದು.

ಹುಡುಗ ಬಿಡಿಸೋ ಚಿತ್ರದ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಆ ವೇಷ 1931ರ ಹಾಲಿವುಡ್ 'ಡ್ರಾಕುಲಾ'ದ್ದು, ಅದರಲ್ಲಿ ಡ್ರಾಕುಲಾ ಆದ ನಟ ಬೇಲಾ ಲುಗೋಸಿದು. ಅದಕ್ಕೂ ಹಿಂದೆ ಹೋದ್ರೆ ಅದು ನಾಟಕದ ವೇಷ. 1924ರಲ್ಲಿ ಇಂಗ್ಲೆಂಡಿನಲ್ಲಿ ಹ್ಯಾಮಿಲ್ಟನ್ ಡೀನ್ ಆ ಕಾದಂಬರಿನ ರಂಗದ ಮೇಲೆ ತಂದಾಗ ನಿಲುವಂಗಿ ಬಂತು, ಪ್ರೇಕ್ಷಕರಿಗೆ ಬೆನ್ನು ಮಾಡಿ ನಿಂತ ನಟ ನೆಲದ ಬಾಗಿಲಿನಿಂದ ಜಾರಿ ಮಾಯ ಆಗ್ಬೇಕಾದ್ರೆ ತಲೆ ಮುಚ್ಚೋಷ್ಟು ದೊಡ್ಡ ಕಾಲರ್ ಬೇಕಿತ್ತು. ಅಲ್ಲಿಂದ ಸಿನಿಮಾಗೆ, ಸಿನಿಮಾದಿಂದ ಅಮೆರಿಕಾದ ಮಕ್ಕಳ ಟೀವಿ ಶೋ 'ಸೆಸಮಿ ಸ್ಟ್ರೀಟ್'ನಲ್ಲಿ ಲೆಕ್ಕ ಕಲಿಸೋ ಕೌಂಟ್ ಗೊಂಬೆವರೆಗೂ ಬಂತು, ಆ ಗೊಂಬೆ ಮಾತಾಡೋ ಶೈಲಿನೂ ಲುಗೋಸಿಯ ಹಂಗೇರಿ ಉಚ್ಚಾರಣೆದೇ. ಬಟ್ಟೆ, ಮಾತು, ನಡೆ ಇಷ್ಟೂ ಆ ಕಡೆಯಿಂದ ಬಂದಿದ್ದು ಅಂತ ಒಪ್ಪೋಣ.

ಆದ್ರೆ ಮೇಷ್ಟ್ರೇ, ಅದೇ ಹುಡುಗನ್ನ ಇನ್ನೊಂದು ಪ್ರಶ್ನೆ ಕೇಳಿ ನೋಡಿ. ವ್ಯಾಂಪೈರ್ ಸಾಯೋದು ಹೇಗಪ್ಪಾ ಅಂತ. ಬಿಸಿಲು ಬಿದ್ರೆ ಸಾಯುತ್ತೆ ಸರ್ ಅಂತ ಥಟ್ ಅಂತ ಹೇಳ್ತಾನೆ. ಅದನ್ನ ಅವನಿಗೆ ಕಲಿಸಿದ್ದು ಲುಗೋಸಿ ಅಲ್ಲ, ಆ ಸಿನಿಮಾದಲ್ಲಿ ಡ್ರಾಕುಲಾ ಸಾಯೋದನ್ನ ತೋರಿಸೋದೂ ಇಲ್ಲ, ಎದೆಗೆ ಗೂಟ ಹೊಡೆಯೋವಾಗ ಒಂದು ನರಳೋ ಸದ್ದು ಕೇಳುತ್ತೆ ಅಷ್ಟೆ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ಮೂಲ ಕಾದಂಬರಿನೂ ಅಲ್ಲ. ಅದರಲ್ಲಿ ಡ್ರಾಕುಲಾ ಹಾಡುಹಗಲೇ ಲಂಡನ್ನಿನ ಪಿಕಾಡಿಲಿಯಲ್ಲಿ ಇರ್ತಾನೆ, ಒಬ್ಬ ಹುಡುಗಿನ ದುರುಗುಟ್ಟಿ ನೋಡ್ತಿರೋನನ್ನ ಕಥೆಯ ನಾಯಕ ಜೊನಾಥನ್ ಗುರುತು ಹಿಡಿದು ಬೆಚ್ಚಿಬೀಳ್ತಾನೆ. ಹಗಲಲ್ಲಿ ಅವನ ಶಕ್ತಿ ಕಮ್ಮಿ, ರೂಪ ಬದಲಾಯಿಸೋಕೆ ಆಗಲ್ಲ, ಅಷ್ಟೇ. ಸಾಯೋದು ಕೊನೇಲಿ, ಸೂರ್ಯ ಮುಳುಗೋ ಹೊತ್ತಲ್ಲಿ, ಕುತ್ತಿಗೆಗೆ ಒಂದು ಕುಕ್ರಿ ಏಟು, ಎದೆಗೆ ಒಂದು ಚಾಕು.

ಬಿಸಿಲಿಗೆ ಸಾಯೋದು ಬಂದಿದ್ದು 1922ರ ಜರ್ಮನ್ 'ನೊಸ್ಫೆರಾಟು'ವಿಂದ, ಡೈರೆಕ್ಟರ್ ಎಫ್. ಡಬ್ಲ್ಯೂ. ಮುರ್ನಾವ್, ಕಥೆನ ಸಿನಿಮಾಗೆ ಬರ್ದವನು ಹೆನ್ರಿಕ್ ಗಾಲೀನ್. ಆ ಕೊನೇ ದೃಶ್ಯ ಹೀಗಿದೆ: ಎಲ್ಲೆನ್ ಅನ್ನೋ ಹೆಣ್ಣುಮಗಳು ಒಂದು ಪುಸ್ತಕದಲ್ಲಿ ಓದಿರ್ತಾಳೆ, ಪಾಪ ಅರಿಯದ ಹೆಂಗಸೊಬ್ಬಳು ತಾನಾಗೇ ಮುಂದೆ ಬಂದು ವ್ಯಾಂಪೈರ್‌ಗೆ ಕೋಳಿ ಕೂಗೋದನ್ನ ಮರೆಸಿದ್ರೆ ಮಾತ್ರ ಊರು ಉಳಿಯುತ್ತೆ ಅಂತ. ಅವಳು ಕಿಟಕಿ ತೆಗೀತಾಳೆ, ಎದುರು ಮನೇಲಿ ನಿಂತು ನೋಡ್ತಿದ್ದ ಕೌಂಟ್ ಆರ್ಲಾಕ್, ಅಂದ್ರೆ ಈ ಸಿನಿಮಾದ ವ್ಯಾಂಪೈರ್, ಬರ್ತಾನೆ, ಇಡೀ ರಾತ್ರಿ ಅವಳ ಪಕ್ಕ ಕೂತು ರಕ್ತ ಕುಡೀತಾನೆ. ಕೋಳಿ ಕೂಗುತ್ತೆ, ಅವನು ತಲೆ ಎತ್ತಿ ನೋಡೋ ಹೊತ್ತಿಗೆ ಎದುರು ಕಟ್ಟಡದ ಮೇಲೆ ಬೆಳಕು ಬಿದ್ದಾಗಿದೆ. ಎದ್ದು ಕಿಟಕಿ ದಾಟಿ ಹೋಗ್ಬೇಕು ಅಂತ ಹೆಜ್ಜೆ ಇಡ್ತಾನೆ, ಒಂದು ಕೈ ಎದೆ ಮೇಲೆ, ಇನ್ನೊಂದು ಕೈ ಮೇಲಕ್ಕೆ, ಹಾಗೇ ಕರಗಿಹೋಗ್ತಾನೆ, ನೆಲದ ಮೇಲೆ ಒಂಚೂರು ಹೊಗೆ. ರಕ್ತ ಇಲ್ಲ, ಗೂಟ ಇಲ್ಲ, ಹೊಡೆದಾಟ ಇಲ್ಲ. ಕೋಳಿ ಕೂಗಿದ್ರೆ ಭೂತ ಓಡಿಹೋಗೋದು ನಮ್ಮ ಅಜ್ಜಿ ಕಥೆಗಳಲ್ಲೂ ಇದೆ, ಅದಕ್ಕೇ ನಮಗೆ ಇದು ಹೊಸದು ಅಂತ ಅನ್ನಿಸೋದೇ ಇಲ್ಲ, ಆದ್ರೆ ಓಡಿಹೋಗೋದು ಬೇರೆ, ಬೆಳಕಿಗೇ ಸತ್ತು ಕರಗಿಹೋಗೋದು ಬೇರೆ.

ಆಮೇಲೆ ಅದು ರೂಲ್ ಆಗ್ಬಿಡ್ತು. 1958ರಲ್ಲಿ ಇಂಗ್ಲೆಂಡಿನ ಹ್ಯಾಮರ್ ಕಂಪನಿ ಕ್ರಿಸ್ಟೋಫರ್ ಲೀನ ಹಾಕ್ಕೊಂಡು ಬಣ್ಣದಲ್ಲಿ ಡ್ರಾಕುಲಾ ಮಾಡ್ತು. ಅದರ ಕ್ಲೈಮ್ಯಾಕ್ಸಲ್ಲಿ ಡ್ರಾಕುಲಾ ಬೆನ್ನು ಹತ್ತಿದ ಡಾಕ್ಟರ್ ಪಾತ್ರದ ಪೀಟರ್ ಕುಶಿಂಗ್ ಉದ್ದ ಮೇಜಿನ ಮೇಲೆ ಓಡಿ ಹಾರಿ ಕರ್ಟನ್ ಹರಿದು ಕೆಳಗೆ ಹಾಕ್ತಾನೆ, ಬೆಳಕು ನುಗ್ಗುತ್ತೆ, ಡ್ರಾಕುಲಾ ಬೂದಿ ಆಗ್ತಾನೆ. ಹೆಸರು ಸ್ಟೋಕರ್‌ದು, ಸಾವು ಮುರ್ನಾವ್‌ದು. 1998ರ 'ಬ್ಲೇಡ್'ನಲ್ಲಿ ವ್ಯಾಂಪೈರ್ ಮೈಗೆಲ್ಲ ಸನ್‌ಸ್ಕ್ರೀನ್ ಬಳ್ಕೊಂಡು ಹಗಲಲ್ಲಿ ಬರ್ತಾನೆ, ಇನ್ನೊಂದು ಟೀವಿ ಸೀರೀಸಲ್ಲಿ ಬಿಸಿಲು ತಡೆಯೋಕೆ ಮಂತ್ರದ ಉಂಗುರ ಹಾಕ್ಕೋತಾರೆ, 'ಟ್ವೈಲೈಟ್'ನಲ್ಲಿ ಬಿಸಿಲಿಗೆ ಬಂದ್ರೆ ಸಾಯೋ ಬದಲು ಮೈ ಮಿನುಗುತ್ತೆ. ಇಷ್ಟೊಂದು ಜನ ಕೂತು ಆ ಒಂದು ರೂಲಿಂದ ತಪ್ಪಿಸ್ಕೊಳ್ಳೋ ದಾರಿ ಹುಡುಕ್ತಿದಾರೆ ಅಂದ್ರೆ ಆ ರೂಲ್ ಎಷ್ಟು ಗಟ್ಟಿಯಾಗಿ ಕೂತಿದೆ ಯೋಚ್ನೆ ಮಾಡಿ. ಇದನ್ನೇ ನಾನು ಪ್ರಭಾವ ಅನ್ನೋದು. ಮುಖ ನೆನಪಿಲ್ದೆ ಇರ್ಬಹುದು, ಯಾರು ಕಂಡುಹಿಡಿದ್ರು ಅಂತ ಗೊತ್ತಿಲ್ದೆ ಇರ್ಬಹುದು, ಆದ್ರೆ ಅವರು ಹಾಕಿದ ನಿಯಮದ ಒಳಗೇ ಎಲ್ರೂ ಆಡ್ತಿದಾರೆ.

ಇನ್ನು ನೆರಳು. ಆರ್ಲಾಕ್ ಎಲ್ಲೆನ್ ಮನೆ ಮೆಟ್ಟಿಲು ಹತ್ತೋದನ್ನ ಮುರ್ನಾವ್ ನಮಗೆ ತೋರಿಸಲ್ಲ, ಬರೀ ಗೋಡೆ ಮೇಲೆ ನೆರಳು ಹತ್ತುತ್ತೆ. ಗೂನು ಬೆನ್ನು, ಕೊಕ್ಕಿನ ಥರ ಬಾಗಿದ ಮೂಗು, ಬೆರಳು ಅಂದ್ರೆ ಬೆರಳಲ್ಲ, ಅದಕ್ಕಿಂತ ಉದ್ದ ಉಗುರು. ಬಾಗಿಲ ಹತ್ರ ಬಂದಾಗ ಕೈ ನೆರಳು ಮುಂದಕ್ಕೆ ಚಾಚುತ್ತೆ, ಆಮೇಲೆ ಎಲ್ಲೆನ್ ಬಿಳಿ ಉಡುಪಿನ ಮೇಲೆ ಆ ನೆರಳಿನ ಕೈ ನಿಧಾನಕ್ಕೆ ಹರಿದು ಬಂದು ಎದೆ ಹತ್ರ ನಿಂತು ಮುಷ್ಟಿ ಹಿಡಿಯುತ್ತೆ, ಅವಳು ನೋವಿಂದ ಬಾಗ್ತಾಳೆ. ಕೈ ಅವಳನ್ನ ಮುಟ್ಟೇ ಇಲ್ಲ! ಒಂದು ದೀಪ, ಒಂದು ಗೋಡೆ, ಒಬ್ಬ ನಟ, ಇಷ್ಟರಲ್ಲಿ ಮಾಡಿದ್ದು. ಇವತ್ತು ಯಾವ ಭಾಷೆ ಹಾರರ್ ಸಿನಿಮಾದಲ್ಲಿ ಆದ್ರೂ ಆಳು ಬರೋಕೆ ಮುಂಚೆ ಗೋಡೆ ಮೇಲೆ ನೆರಳು ಬಂದ್ರೆ ನನಗೆ ಈ ಮೆಟ್ಟಿಲೇ ಕಣ್ಮುಂದೆ ಬರೋದು. 1992ರಲ್ಲಿ ಕೊಪ್ಪೊಲಾ ಮಾಡಿದ ಡ್ರಾಕುಲಾದಲ್ಲಿ ನೆರಳು ತನ್ನ ಯಜಮಾನನ ಮಾತು ಕೇಳದೆ ತಾನೇ ಓಡಾಡುತ್ತಲ್ಲ, ಅದು ಈ ದೃಶ್ಯಕ್ಕೆ ಮಾಡಿದ ನಮಸ್ಕಾರ ಅಂತಾನೇ ನಾನು ನೋಡ್ತೀನಿ.

ನೀವು ಮುಂದೆ ಮಾಡಿದ ಲುಗೋಸಿ ಸಿನಿಮಾನೂ ಇದರಿಂದ ಪೂರ್ತಿ ದೂರ ಇಲ್ಲ. ಕಾದಂಬರಿಲಿ ಜೊನಾಥನ್ ಗಡ್ಡ ಕೆರೆಯೋವಾಗ ಗಾಯ ಮಾಡ್ಕೋತಾನೆ. ನೊಸ್ಫೆರಾಟುನಲ್ಲಿ ಅದು ಊಟದ ಮೇಜಿಗೆ ಬಂತು, ಎಲ್ಲೆನ್ ಗಂಡ ಹುಟ್ಟರ್, ಅಂದ್ರೆ ಇಲ್ಲಿನ ಜೊನಾಥನ್, ಬ್ರೆಡ್ ಕತ್ತರಿಸ್ತಾ ಬೆರಳು ಕುಯ್ಕೋತಾನೆ, ಆರ್ಲಾಕ್ ರಕ್ತ ನೋಡಿ ಎದ್ದು ಬರ್ತಾನೆ. 1931ರಲ್ಲೂ ಮೇಜಿನ ಹತ್ರಾನೇ, ಈ ಸಲ ಪೇಪರ್ ಕ್ಲಿಪ್ ಚುಚ್ಚಿ ಬೆರಳಲ್ಲಿ ರಕ್ತ.

ಮತ್ತೆ ಬೋಳುತಲೆ ಮುದುಕನ್ನ ಯಾರೂ ಬಿಡಿಸಲ್ಲ ಅಂದ್ರಲ್ಲ, ಬಿಡಿಸೋರು ಇದಾರೆ. 1979ರಲ್ಲಿ ವರ್ನರ್ ಹೆರ್ಜೋಗ್ ಕ್ಲಾಸ್ ಕಿನ್ಸ್ಕಿನ ಇಟ್ಕೊಂಡು ಅದೇ ಕಥೆ ಮತ್ತೆ ಮಾಡಿದ, ಹಾಲೆಂಡಿನಲ್ಲಿ ಸಾವಿರಾರು ಇಲಿ ಬಿಟ್ಟು. ಅದೇ ವರ್ಷ ಅಮೆರಿಕಾದ ಟೀವಿಲಿ ಬಂದ 'ಸೇಲಮ್ಸ್ ಲಾಟ್'ನ ವ್ಯಾಂಪೈರ್ ಮುಖ ಪಡಿಯಚ್ಚು ಆರ್ಲಾಕ್‌ದೇ. 1981ರಲ್ಲಿ ಕ್ವೀನ್ ಬ್ಯಾಂಡ್ ಮತ್ತೆ ಡೇವಿಡ್ ಬೋವಿ ಸೇರಿ ಹಾಡಿದ 'ಅಂಡರ್ ಪ್ರೆಷರ್' ವಿಡಿಯೋದಲ್ಲಿ ಈ ಸಿನಿಮಾದ ತುಣುಕುಗಳೇ ಬರ್ತವೆ. 2002ರ 'ಸ್ಪಾಂಜ್‌ಬಾಬ್' ಕಾರ್ಟೂನಿನ ಒಂದು ಎಪಿಸೋಡಲ್ಲಿ ಲೈಟ್ ಆನ್ ಆಫ್ ಮಾಡ್ತಾ ನಿಂತಿರೋನು ಇದೇ ಮಹಾನುಭಾವ, ಅಷ್ಟು ಪುಟ್ಟ ಮಕ್ಕಳ ಮುಂದೆ ಎಂಬತ್ತು ವರ್ಷ ಹಳೆ ಮೂಕಿ ಸಿನಿಮಾದ ಫೋಟೋ! ಬ್ಯಾಟ್‌ಮ್ಯಾನಿನ 1992ರ ಸಿನಿಮಾದಲ್ಲಿ ವಿಲನ್ ಒಬ್ಬನಿಗೆ ಆರ್ಲಾಕ್ ಪಾತ್ರ ಮಾಡಿದ ಮ್ಯಾಕ್ಸ್ ಶ್ರೆಕ್‌ನ ಹೆಸರೇ ಇಟ್ರು. 2024ರಲ್ಲಿ ರಾಬರ್ಟ್ ಎಗರ್ಸ್ ಮತ್ತೆ ಮಾಡಿದ. ಲುಗೋಸಿ ವ್ಯಾಂಪೈರ್ ಪಾರ್ಟಿಗೆ ಬರೋ ಶ್ರೀಮಂತ, ಆರ್ಲಾಕ್ ಊರಿಗೆ ಬರೋ ರೋಗ, ಅವನು ಹಡಗಲ್ಲಿ ಬಂದಿಳಿದ್ರೆ ಜೊತೆಗೆ ಇಲಿ, ಇಲಿ ಜೊತೆಗೆ ಪ್ಲೇಗ್, ಬೀದಿಲಿ ಸಾಲಾಗಿ ಶವಪೆಟ್ಟಿಗೆ. ಮಹಾಯುದ್ಧ ಮುಗಿದು, 1918ರ ಫ್ಲೂ ಬಂದು ಹೋಗಿ ಇನ್ನೂ ಕೆಲವೇ ವರ್ಷ ಆಗಿತ್ತು ಅಷ್ಟೆ, ಮುರ್ನಾವ್ ಸ್ವತಃ ಯುದ್ಧದಲ್ಲಿ ವಿಮಾನ ಹಾರಿಸಿದ್ದವನು. ಆ ಬೀದಿ ನೋಡಿದ ಜರ್ಮನ್ನರಿಗೆ ಅದು ಬರೀ ಕಟ್ಟುಕಥೆ ಅಂತ ಅನ್ನಿಸಿರಲ್ಲ.

ಈಗ ಕಳ್ಳತನದ ಮಾತಿಗೆ ಬರೋಣ. ಇಲ್ಲಿ ನಾನು ನಿಮ್ಮ ಪಕ್ಷಾನೇ. ಈ ಸಿನಿಮಾದ ನಿರ್ಮಾಪಕ ಆಲ್ಬಿನ್ ಗ್ರಾವ್ ಮತ್ತೆ ಅವನ ಜೊತೆಗಾರ ಸೇರಿ ಪ್ರಾನಾ ಅಂತ ಕಂಪನಿ ಮಾಡಿದ್ರು, ಹೆಸರುಗಳನ್ನ ಬದಲಾಯಿಸಿದ್ರು, ಲಂಡನ್ ಬದಲು ವಿಸ್ಬೋರ್ಗ್ ಅಂತ ಇಲ್ಲದ ಊರು ಇಟ್ರು, ಕಾಲನ 1838ಕ್ಕೆ ಹಿಂದಕ್ಕೆ ತಳ್ಳಿದ್ರು, ಆದ್ರೆ ಟೈಟಲ್ ಕಾರ್ಡಲ್ಲಿ ಮಾತ್ರ ಸ್ಟೋಕರ್‌ನ ಕಾದಂಬರಿ ಆಧರಿಸಿ ಅಂತ ತಾವೇ ಹಾಕ್ಕೊಂಡ್ರು. ಹಕ್ಕು ಮಾತ್ರ ಕೊಂಡಿರ್ಲಿಲ್ಲ. ಸ್ಟೋಕರ್ ತೀರಿಕೊಂಡಿದ್ದು 1912ರಲ್ಲಿ, ಅವರ ಹೆಂಡತಿ ಫ್ಲಾರೆನ್ಸ್‌ಗೆ ಆ ಪುಸ್ತಕದ ಆದಾಯ ಬೇಕಿತ್ತು. ಆಕೆ ಲೇಖಕರ ಸಂಘದ ಸಹಾಯ ತಗೊಂಡು ಕೇಸ್ ಹಾಕಿದ್ರು. ಕಂಪನಿ ಅಷ್ಟರಲ್ಲಿ ದಿವಾಳಿ, ಅವರು ಮಾಡಿದ್ದು ಈ ಒಂದೇ ಸಿನಿಮಾ, ಕೊಡೋಕೆ ದುಡ್ಡೇ ಇರ್ಲಿಲ್ಲ. 1925ರಲ್ಲಿ ಜರ್ಮನ್ ಕೋರ್ಟ್ ಎಲ್ಲಾ ಪ್ರಿಂಟ್ ನಾಶ ಮಾಡಿ ಅಂತ ತೀರ್ಪು ಕೊಡ್ತು. ಗಂಡ ಬರೆದಿದ್ದನ್ನ ಯಾರೋ ಕೇಳದೆ ಎತ್ಕೊಂಡು ಹೋದ್ರೆ ಹೆಂಡತಿ ಸುಮ್ನೆ ಕೂತ್ಕೋಬೇಕಿತ್ತಾ? ಆಕೆನ ಕಲೆ ಅರ್ಥ ಆಗದ ಹಟಮಾರಿ ಮುದುಕಿ ಅಂತ ಬರೆಯೋರನ್ನ ಕಂಡ್ರೆ ನನಗೆ ಸಿಟ್ಟು ಬರುತ್ತೆ. ದುಡ್ಡು ಕೇಳೋ ಹಕ್ಕು ಆಕೆಗಿತ್ತು, ಹೆಸರು ಉಳಿಸ್ಕೊಳ್ಳೋ ಹಕ್ಕೂ ಇತ್ತು. ಆದ್ರೆ ಸಿನಿಮಾನೇ ಭೂಮಿ ಮೇಲಿಂದ ಅಳಿಸ್ಬೇಕು ಅನ್ನೋ ತೀರ್ಪನ್ನ ಮಾತ್ರ ನನಗೆ ಒಪ್ಪೋಕೆ ಆಗಲ್ಲ, ಯಾಕಂದ್ರೆ ಆ ಮೆಟ್ಟಿಲ ನೆರಳು ಸ್ಟೋಕರ್‌ದಲ್ಲ, ಬಿಸಿಲ ಸಾವೂ ಅವರದ್ದಲ್ಲ. ಕದ್ದಿದ್ದು ಎಷ್ಟಿತ್ತೋ ಅದರ ಜೊತೆಗೆ ಹೊಸದಾಗಿ ಹುಟ್ಟಿದ್ದೂ ಅಷ್ಟೇ ಇತ್ತು, ತೀರ್ಪು ಎರಡನ್ನೂ ಒಂದೇ ಬೆಂಕಿಗೆ ಹಾಕು ಅಂತು. ಪುಣ್ಯಕ್ಕೆ ಪ್ರಿಂಟ್‌ಗಳು ಆಗಲೇ ಜರ್ಮನಿ ದಾಟಿ ಹೋಗಿದ್ವು. ಫ್ರಾನ್ಸಲ್ಲಿ ಕವಿ ಆಂದ್ರೆ ಬ್ರೆಟನ್ ಮತ್ತವನ ಸರ್ರಿಯಲಿಸ್ಟ್ (ಕನಸಿನಂಥ ಕಲೆ ಮಾಡೋ) ಗೆಳೆಯರು ಈ ಸಿನಿಮಾನ ತಲೆ ಮೇಲೆ ಹೊತ್ಕೊಂಡು ಮೆರೆಸಿದ್ರು, ಸೇತುವೆ ದಾಟಿದ ಮೇಲೆ ಭೂತಗಳು ಅವನನ್ನ ಎದುರುಗೊಂಡವು ಅನ್ನೋ ಫ್ರೆಂಚ್ ಟೈಟಲ್ ಕಾರ್ಡಿನ ಒಂದು ಸಾಲು ಅವರಿಗೆ ಬಾಯಿಪಾಠ.

ಮಕ್ಕಳಿಗೆ ತೋರಿಸೋ ವಿಷಯ. ತೋರಿಸಿ, ಖಂಡಿತ ತೋರಿಸಿ, ಆದ್ರೆ ಎರಡು ವಿಷಯ ನೋಡ್ಕೊಳ್ಳಿ. ಒಂದು ಕಷ್ಟದ ವಿಷಯ. ಪೂರ್ವದಿಂದ ಬರೋ ಪರಕೀಯ, ಬಾಗಿದ ಮೂಗು, ಜೊತೆಗೆ ಇಲಿ ಮತ್ತು ರೋಗ, ಇದು ಆಗಿನ ಯೂರೋಪಿನಲ್ಲಿ ಯಹೂದಿಗಳನ್ನ ಹೀಗಳೆಯೋಕೆ ಬರೀತಿದ್ದ ವ್ಯಂಗ್ಯಚಿತ್ರಗಳಿಗೆ ತುಂಬಾ ಹತ್ರ ಇದೆ ಅಂತ ಅನೇಕ ವಿಮರ್ಶಕರು ಹೇಳಿದಾರೆ, ನನಗೂ ಹಾಗೇ ಕಾಣುತ್ತೆ. ಚಿತ್ರಕಥೆ ಬರೆದ ಗಾಲೀನ್ ಯಹೂದಿ, ಹುಟ್ಟರ್‌ನ ಯಜಮಾನ ನಾಕ್ ಪಾತ್ರ ಮಾಡಿದ ಅಲೆಕ್ಸಾಂಡರ್ ಗ್ರಾನಾಕ್ ಕೂಡ ಯಹೂದಿ, ಹಿಟ್ಲರ್ ಬಂದ ಮೇಲೆ ಇಬ್ರೂ ದೇಶ ಬಿಟ್ಟು ಹೋದ್ರು. ಮಾಡಿದವರ ಮನಸ್ಸಲ್ಲಿ ದ್ವೇಷ ಇತ್ತು ಅಂತ ನಾನು ಹೇಳ್ತಿಲ್ಲ, ಆದ್ರೆ ಒಂಬತ್ತು ಹತ್ತನೇ ಕ್ಲಾಸಿನ ಮಕ್ಕಳು ಇದನ್ನ ಅರ್ಥ ಮಾಡ್ಕೋತಾರೆ, ಸಿನಿಮಾ ಮುಗಿದ ಮೇಲೆ ಈ ಮಾತು ಎತ್ತಿ, ಬಿಡ್ಬೇಡಿ.

ಇನ್ನೊಂದು ಪ್ರಿಂಟಿನ ವಿಷಯ, ಇದನ್ನ ದಯವಿಟ್ಟು ಹಗುರ ಮಾಡ್ಬೇಡಿ. ಆಗ ರಾತ್ರಿ ಹೊತ್ತು ಶೂಟ್ ಮಾಡೋಷ್ಟು ಫಿಲ್ಮ್‌ಗೆ ಶಕ್ತಿ ಇರ್ಲಿಲ್ಲ, ಹಗಲಲ್ಲೇ ತೆಗೆದು ಆಮೇಲೆ ಪ್ರಿಂಟಿಗೆ ನೀಲಿ ಬಣ್ಣ ಕೊಡ್ತಿದ್ರು, ನೀಲಿ ಇದ್ರೆ ರಾತ್ರಿ, ಹಳದಿ ಇದ್ರೆ ದೀಪದ ಬೆಳಕು ಅಂತ ಜನ ಅರ್ಥ ಮಾಡ್ಕೋತಿದ್ರು. ಯೂಟ್ಯೂಬಲ್ಲಿ ಸಿಗೋ ಎಷ್ಟೋ ಕಾಪಿಗಳಲ್ಲಿ ಆ ಬಣ್ಣ ಹೋಗಿ ಬರೀ ಕಪ್ಪು ಬಿಳುಪು ಉಳಿದಿದೆ. ಅದನ್ನ ಹಾಕಿದ್ರೆ ಆರ್ಲಾಕ್ ಕಂಕುಳಲ್ಲಿ ಶವಪೆಟ್ಟಿಗೆ ಇಟ್ಕೊಂಡು ಸುಡುಬಿಸಿಲಲ್ಲಿ ಊರ ಬೀದಿ ಸುತ್ತೋ ಹಾಗೆ ಕಾಣುತ್ತೆ, ಮುಂದಿನ ಬೆಂಚಿನ ಹುಡುಗ ನಗ್ತಾನೆ, ಕೊನೇಲಿ ಬಿಸಿಲಿಗೆ ಸತ್ತ ಅಂದ್ರೆ ಇಷ್ಟು ಹೊತ್ತು ಬಿಸಿಲಲ್ಲೇ ಇದ್ನಲ್ಲ ಸರ್ ಅಂತ ಕೇಳ್ತಾನೆ, ಅವನ ಪ್ರಶ್ನೆ ಸರಿಯಾಗೇ ಇರುತ್ತೆ. ಮುರ್ನಾವ್ ಹೆಸರಿನ ಜರ್ಮನ್ ಫೌಂಡೇಶನ್ 2006ರಲ್ಲಿ ರಿಪೇರಿ ಮಾಡ್ಸಿದ ಬಣ್ಣದ ಪ್ರಿಂಟ್ ಇದೆ, ಒಂದೂವರೆ ಗಂಟೆ ಮೇಲೆ ಸ್ವಲ್ಪ, ಅದನ್ನೇ ಹುಡುಕಿ ಹಾಕಿ. ಟೈಟಲ್ ಕಾರ್ಡುಗಳನ್ನ ನೀವೇ ಕನ್ನಡದಲ್ಲಿ ಜೋರಾಗಿ ಓದಿ, ಮೂಕಿ ಸಿನಿಮಾಗೆ ಅದು ಚೆನ್ನಾಗಿ ಒಪ್ಪುತ್ತೆ. ಕರ್ಟನ್ ಪೂರ್ತಿ ಹಾಕಿ, ಮಧ್ಯೆ ಬ್ರೇಕ್ ಕೊಡ್ಬೇಡಿ. ಮಕ್ಕಳು ಏನಂದ್ರು ಅಂತ ಬರೆದು ಕಳಿಸಿ, ಮುಂದಿನ ಸಂಚಿಕೆಲಿ ಅದಕ್ಕೆ ಜಾಗ ಇಟ್ಟಿರ್ತೀನಿ.

ಸಂಪಾದಕ